ಮಲೆನಾಡಿನ ಜ್ವರವೂ ಮಲೆನಾಡಿಗರ ನಿತ್ಯನೇಮವೂ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ಇಂದಿನವರ ಕಣ್ಣ ಮುಂದೆ ನಿಲ್ಲುವುದು ತುಂಗಾ ಭದ್ರೆಯರ ಹಸಿರು ದಂಡೆ, ಅಡಿಕೆಯ ತೋಟ, ಕಾಫಿಯ ಗಿಡ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಇವೇ ಹೆಸರುಗಳು ಬಯಲುಸೀಮೆಯವರ ಎದೆಯಲ್ಲಿ ನಡುಕವನ್ನು ಹುಟ್ಟಿಸುತ್ತಿದ್ದವು. ಇಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಸರ್ಕಾರಿ ನೌಕರರು ಇಲ್ಲಿಗಾದ ವರ್ಗವನ್ನು ಶಿಕ್ಷೆಯೆಂದೇ ಬಗೆಯುತ್ತಿದ್ದರು. ಕಾರಣ ಒಂದೇ: ಮಲೆನಾಡಿನ ಜ್ವರ. ಚಳಿ ಹಿಡಿದು ನಡುಗಿಸಿ, ಮೈ ಕಾದು, ಬೆವರಿ ಬಿಡುವ ಈ ಜ್ವರ ಮತ್ತೆ ಮತ್ತೆ ಮರುಕಳಿಸಿ, ಹೊಟ್ಟೆಯ ಎಡಬದಿಯಲ್ಲಿ ಜ್ವರಗಡ್ಡೆ ಬೆಳೆದು, ದುಡಿಯುವ ಆಳು ಎರಡು ಮಳೆಗಾಲದಲ್ಲಿ ಹಣ್ಣುಹಣ್ಣಾಗುತ್ತಿದ್ದನು. ಅಂದಿನ ಮೈಸೂರು ಸಂಸ್ಥಾನದ ಜನಗಣತಿ ವರದಿಗಳು ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದನ್ನು ಚಿಂತೆಯಿಂದ ಗುರುತಿಸಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ರೂಪುಗೊಂಡುದಕ್ಕೆ ಇದೂ ಒಂದು ಕಾರಣ.

ಜ್ವರದ ಮೂಲವನ್ನು ಜನ ನೀರಿನಲ್ಲಿ, ಗಾಳಿಯಲ್ಲಿ, ಕೊಳೆತ ಸೊಪ್ಪಿನ ಆವಿಯಲ್ಲಿ ಹುಡುಕುತ್ತಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ಜೀವಾಣುವನ್ನು ಕಂಡ ಮೇಲೆ ಆ ಹುಡುಕಾಟದ ದಿಕ್ಕು ಬದಲಾಯಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಮ್ಮ ನೆರೆಯ ಮೂಡಿಗೆರೆಯೂ ಸೇರಿದಂತೆ ಕೆಲವೆಡೆ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಬೆಟ್ಟದ ಸೀಮೆಯಲ್ಲಿ ಈ ರೋಗವನ್ನು ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಅದು ಕೊಚ್ಚೆಯಲ್ಲಿ ಹುಟ್ಟುವುದಿಲ್ಲ. ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳ, ಗದ್ದೆಯ ಅಂಚಿನ ಒರತೆ, ತೋಟದ ಬಸಿಗಾಲುವೆ ಇವೇ ಅದರ ತೊಟ್ಟಿಲು. ವಾಚಕರು ಇದನ್ನು ಗಮನಿಸಬೇಕು. ನಮ್ಮ ಹಿರಿಯರು ಯಾವ ನೀರನ್ನು ನಿರ್ಮಲವೆಂದು ನಂಬಿ ಮನೆಯ ಬಾಗಿಲವರೆಗೆ ಹರಿಸಿಕೊಂಡರೋ ಆ ನೀರೇ ಅವರ ಮಕ್ಕಳ ಜ್ವರವನ್ನೂ ಹೊತ್ತು ತಂದಿತು. ಅವರ ಶುಚಿತ್ವದಲ್ಲಿ ಲೋಪವಿದ್ದಿತೆಂದು ಹೇಳುವವರಿಗೆ ಇದನ್ನು ನೆನಪಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಔಷಧವಾಗಿ ಕ್ವಿನೈನ್ ಬಂದಿತು. ಅದು ಕಹಿ, ಕಿವಿಯಲ್ಲಿ ಗುಂಯ್‌ಗುಡಿಸುವಂಥದು. ಜ್ವರ ಬಂದಾಗ ನುಂಗಿ, ಬಿಟ್ಟೊಡನೆ ಪೊಟ್ಟಣವನ್ನು ಗೂಡಿನಲ್ಲಿಟ್ಟು ಮರೆಯುವುದು ಎಲ್ಲೆಡೆಯ ರೂಢಿಯಾಯಿತು. ಅರೆಬರೆ ಚಿಕಿತ್ಸೆಯಿಂದ ರೋಗ ಒಳಗೇ ಉಳಿಯಿತು. ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. ಬೆನ್ನಿಗೆ ಪಂಪು ಕಟ್ಟಿಕೊಂಡ ಸಿಬ್ಬಂದಿಯವರು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಕಚ್ಚಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ಸಾಯುವಂತೆ ಮಾಡಿದ ಉಪಾಯವದು. ಹಬ್ಬ ಬಂತೆಂದು ಗೃಹಿಣಿಯರು ಗೋಡೆಗೆ ಕೆಮ್ಮಣ್ಣು ಸಾರಿಸಿದರೆ ಔಷಧವೆಲ್ಲ ಮಣ್ಣಿನಡಿ ಹೂತುಹೋಗುತ್ತಿತ್ತು. ಹೀಗಿದ್ದರೂ ಕೆಲವೇ ವರ್ಷಗಳಲ್ಲಿ ಶತಮಾನಗಳ ಪೀಡೆ ಹಿಂಜರಿಯಿತು. ಹಿಂದೆ ಎಡೆಹಳ್ಳಿಯೆನಿಸಿ, ಬಳಿಕ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತ ನರಸಿಂಹರಾಜಪುರದಂಥ ಊರುಗಳಲ್ಲಿ ಹೊಸಬರು ನಿರ್ಭಯವಾಗಿ ನೆಲೆಸುವಂತಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜ್ವರ ಹೋಯಿತು, ಅದರ ಜೊತೆ ಬಂದ ಆರೋಗ್ಯದ ಅಭ್ಯಾಸಗಳಲ್ಲಿ ಎಷ್ಟು ಉಳಿದುವು? ಡಿ.ಡಿ.ಟಿ. ಹೊರಗಿನಿಂದ ಬಂದಿತು, ಹೊರಗಿನವರು ಹೊಡೆದರು, ಹೊರಟುಹೋದರು. ಮನೆಯವರ ಕೈಗೆ ಅದು ಯಾವ ಕೆಲಸವನ್ನೂ ಕೊಡಲಿಲ್ಲ. ಕ್ವಿನೈನ್ ಕೈಗೆ ಕೆಲಸ ಕೊಟ್ಟಿತಾದರೂ ಹೊತ್ತನ್ನು ಗೊತ್ತುಮಾಡಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಹನ್ನೆರಡನೆಯ ಶತಮಾನದ ಶರಣರ ಕಾಲದಿಂದ ನಮ್ಮ ಮನೆಗಳಲ್ಲಿ ನಡೆದು ಬಂದ ಒಂದು ಅಭ್ಯಾಸವನ್ನು ನೋಡಿರಿ: ಸ್ನಾನವಿಲ್ಲದೆ ಇಷ್ಟಲಿಂಗ ಪೂಜೆಯಿಲ್ಲ, ಪೂಜೆಯಿಲ್ಲದೆ ಆಹಾರವಿಲ್ಲ. ಸ್ನಾನವು ಆರೋಗ್ಯಕ್ಕೆ ಒಳ್ಳೆಯದೆಂಬ ಉಪದೇಶದ ಬಲದಿಂದ ಇದು ನಿಲ್ಲಲಿಲ್ಲ. ಹಸಿವೇ ಅದರ ಗಂಟೆಯಾಯಿತು. ತಳಿಗೆಯಲ್ಲಿ ಅಗುಳು ಬಿಡದೆ, ತಳಿಗೆಯನ್ನು ತೊಳೆದು ಆ ನೀರನ್ನು ಸೇವಿಸುವ ಸಂಪ್ರದಾಯವೂ ಹಾಗೆಯೇ. ಪ್ರಸಾದವನ್ನು ಚೆಲ್ಲುವಂತಿಲ್ಲವೆಂದ ಮೇಲೆ ಬಡಿಸಿಕೊಳ್ಳುವಾಗಲೇ ಕೈ ಅಳತೆ ಕಲಿಯುತ್ತದೆ. ಹೊಟ್ಟೆಯ ಅಳತೆಯನ್ನು ವೈದ್ಯನು ಹೇಳುವ ಮೊದಲೇ ತಳಿಗೆ ಹೇಳುತ್ತಿತ್ತು.

ಆಹಾರದ ಮಾತು ಬಂದುದರಿಂದ ಅಕ್ಕಿಯ ಕಥೆಯನ್ನೂ ಹೇಳಬೇಕು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯ ಗಂಜಿ ತೋಟಗದ್ದೆಗಳಲ್ಲಿ ದುಡಿಯುವವರ ಊಟವಾಗಿದ್ದಿತು. ಗಿರಣಿಯ ಬಿಳಿಯಕ್ಕಿ ಬಂದಾಗ ಕುಚ್ಚಲಕ್ಕಿ ಬಡವರದೆಂಬ ತಾತ್ಸಾರ ಹುಟ್ಟಿತು. ಅತ್ತ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಬಿಳಿಯಕ್ಕಿ ತಿಂದ ಕೋಳಿಗಳ ಕಾಲು ಬೀಳುವುದನ್ನೂ, ತೌಡು ಕೊಟ್ಟರೆ ಅವು ಏಳುವುದನ್ನೂ 1890ರ ದಶಕದಲ್ಲಿಯೇ ಕಂಡಿದ್ದನು. ಅದಕ್ಕಾಗಿ 1929ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದನು. ಭತ್ತವನ್ನು ಬೇಯಿಸುವಾಗ ತೌಡಿನ ಸತ್ತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಕುಟ್ಟಿದರೂ ಬಹುಪಾಲು ಉಳಿಯುತ್ತದೆ. ನೊಬೆಲ್ ಪಾರಿತೋಷಕ ಪಡೆದ ಜ್ಞಾನವು ಕೊಪ್ಪದ ಸೀಮೆಯ ಗಂಜಿಯ ಮಡಕೆಯಲ್ಲಿ ಮೊದಲೇ ಇದ್ದಿತೆಂದು ನಾವು ಜಂಬ ಕೊಚ್ಚುವುದು ಸಲ್ಲ. ಅದು ಅಲ್ಲಿ ಇದ್ದಿತು, ಆದರೆ ಇದ್ದುದು ನಮಗೆ ತಿಳಿದಿರಲಿಲ್ಲ. ತಿಳಿಯದೆ ಇದ್ದುದರಿಂದಲೇ ಅಷ್ಟು ಸುಲಭವಾಗಿ ಕೈಬಿಟ್ಟೆವು. ಒಂದೆಲಗದ ತಂಬುಳಿ, ಮುರುಗಲಿನ ಸಾರು, ದಿನಗಟ್ಟಲೆ ನೀರು ಬದಲಿಸಿ ನೆನೆಸಿ ವಿಷ ಕಳೆದ ಕಳಲೆ, ಮಳೆಗಾಲದ ಕೊತ್ತಂಬರಿ ಜೀರಿಗೆಯ ಕಷಾಯ ಇವೆಲ್ಲವೂ ಈಗ ಮದುವೆಯ ಊಟದ ವಿಶೇಷಗಳಾಗಿ ಹಿಂತಿರುಗುತ್ತಿರುವುದು ಸಂತೋಷವೇ. ನಿತ್ಯದ ಅಡಿಗೆಮನೆಗೆ ಹಿಂತಿರುಗಿದರೆ ಹೆಚ್ಚಿನ ಸಂತೋಷ.

ಜ್ವರದ ಚರಿತ್ರೆ ಮುಗಿದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಈಚಿನ ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡು ಜೀವಗಳನ್ನು ಬಲಿ ತೆಗೆದುಕೊಂಡಿದೆ. ಉಣುಗಿನ ಕಡಿತದಿಂದ ಬರುವ ಈ ರೋಗಕ್ಕೆ ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಕಾಡಿಗೆ ಹೋಗುವ ಮೊದಲು ಮೈಗೆ ಎಣ್ಣೆ ಲೇಪಿಸುವುದು, ಮಂಗ ಸತ್ತ ಕಡೆಯಿಂದ ತರಗೆಲೆ ತರದಿರುವುದು, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿ ತೊಳೆಯುವುದು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು ಇವೇ ಕಾವಲು. ಸೊಪ್ಪಿನ ಹೊರೆಯನ್ನು ಕೊಟ್ಟಿಗೆಯಲ್ಲಿಳಿಸಿ ನೇರವಾಗಿ ಬಚ್ಚಲಿಗೆ ಹೋಗಿ, ಸ್ನಾನ ಮಾಡಿ, ಲಿಂಗ ಪೂಜೆ ಮುಗಿಸಿಯೇ ಅಡಿಗೆಮನೆಗೆ ಕಾಲಿಡುವ ವೃದ್ಧ ಮಾತೆಯರನ್ನು ನಾವು ಈ ಸೀಮೆಯಲ್ಲಿ ಇನ್ನೂ ಕಾಣುತ್ತೇವೆ. ಅವರಿಗೆ ಹೊಸದಾಗಿ ಕಲಿಸಬೇಕಾದುದು ಸ್ವಲ್ಪವೇ: ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿನಲ್ಲಿ ಉಣುಗನ್ನು ಹುಡುಕುವುದು. ಹಳೆಯ ನೇಮಕ್ಕೆ ಹೊಸ ಅರಿವನ್ನು ಗಂಟುಹಾಕಿದರೆ ಅದು ನಿಲ್ಲುತ್ತದೆ.

ಇನ್ನು ಹೇಳಲು ಕಷ್ಟವಾದ ಮಾತೊಂದುಂಟು. ಎಲ್ಲ ಹಳೆಯ ಅಭ್ಯಾಸವೂ ಹಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವು ರಾಜಭೋಗಗಳಲ್ಲಿ ಒಂದು. ಊಟದ ಮೇಲೆ ತಟ್ಟೆ ಮುಂದೆ ಬರದಿದ್ದರೆ ಮಲೆನಾಡಿನ ಆತಿಥ್ಯ ಪೂರ್ಣವಾಗದು. ಆದರೆ ಹೊಗೆಸೊಪ್ಪು ಸೇರಿದುದು ಮಾತ್ರವಲ್ಲ, ಸೇರದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ನಿರ್ಣಯಿಸಿತು. ನಮ್ಮ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ನಾವೂ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅಡಿಕೆಯ ಸಹವಾಸ ಮಾಡಿದ್ದೆವು. ಬಿಡಬೇಕೆಂದು ಎರಡು ಬಾರಿ ಸಂಕಲ್ಪಿಸಿ ಎರಡು ಬಾರಿಯೂ ಸೋತೆವು. ಮೂರನೆಯ ಬಾರಿ ಊಟವಾದೊಡನೆ ಲವಂಗವೊಂದನ್ನು ಬಾಯಿಗಿಟ್ಟು, ಕುಳಿತಲ್ಲಿಂದ ಎದ್ದು ತೋಟದ ಅಂಚಿನವರೆಗೆ ನಡೆದು ಬರುವುದನ್ನು ರೂಢಿಸಿಕೊಂಡ ಮೇಲೆಯೇ ಅದು ಬಿಟ್ಟಿತು. ತೆರವಾದ ಹೊತ್ತಿಗೆ ಬೇರೊಂದನ್ನು ಕೊಡದಿದ್ದರೆ ಹಳೆಯದೇ ಬಂದು ಕೂರುತ್ತದೆ.

ಇದನ್ನು ಒಂದು ಸಭೆಯಲ್ಲಿ ಅರುಹಿದಾಗ ಅಡಿಕೆ ಬೆಳೆಗಾರರಾದ ಹಿರಿಯ ಭಕ್ತರೊಬ್ಬರು ಎದ್ದು, “ಬುದ್ಧಿ, ಮಠಕ್ಕೆ ನಾವು ಕೊಡುವ ಕಾಣಿಕೆಯೂ ಅಡಿಕೆಯದೇ ಅಲ್ಲವೇ?” ಎಂದರು. ಸಭೆ ನಕ್ಕಿತು, ನಮಗೆ ನಗು ಬರಲಿಲ್ಲ. “ಹೌದು ಗೌಡರೇ, ಅದೇ ನಮ್ಮ ಸಂಕಟ” ಎಂದೆವು. ಅವರ ತೋಟವನ್ನು ಕಡಿಯಿರೆಂದು ಹೇಳುವ ಅಧಿಕಾರ ನಮಗಿಲ್ಲ. ಸಾಲಗೀಲ ಮಾಡಿ ಬೆಳೆದ ಮರಗಳವು. ಮೆಣಸಿನ ಬಳ್ಳಿ, ಏಲಕ್ಕಿ, ಬಾಳೆಗಳನ್ನು ಅದೇ ತೋಟದಲ್ಲಿ ಹೆಚ್ಚಿಸುವ ವಿಚಾರವನ್ನು ಮಾತ್ರ ಆ ಸಂಜೆ ಬಹಳ ಹೊತ್ತು ಮಾತನಾಡಿದೆವು. ಮುಂದಿನ ಹುಣ್ಣಿಮೆಯ ದಾಸೋಹಕ್ಕೆ ಅದೇ ಗೌಡರು ಅಡಿಕೆಯ ತಟ್ಟೆಯ ಬದಲು ತಮ್ಮ ತೋಟದ ಏಲಕ್ಕಿಯನ್ನು ಬುಟ್ಟಿಯಲ್ಲಿ ತಂದು, ಏನೂ ಹೇಳದೆ, ಪಂಕ್ತಿಯ ಕೊನೆಯಲ್ಲಿ ಇಟ್ಟು ಹೋದರು.