ಬೆಂಕಿಪುರದ ಪಾಠ

ವೃತ್ತಿಜೀವನವೆಂದರೆ ಒಂದು ಏಣಿ, ಮೇಲಿನ ಮೆಟ್ಟಿಲನ್ನು ಮುಟ್ಟುವುದೇ ಅದರ ಸಾರ್ಥಕ್ಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಾಗಾದರೆ, ದಿವಾನ ಪದವಿಯನ್ನೇ ಏರಿ ಇಳಿದವರೊಬ್ಬರು ಅರವತ್ತು ದಾಟಿದ ಮೇಲೆ ನಷ್ಟದ ಕಾರ್ಖಾನೆಯೊಂದರ ಹೊಣೆಯನ್ನು ಹೊತ್ತದ್ದೇಕೆ? ಶಿವಮೊಗ್ಗೆಯವರಾದ ನಮಗೆ ಇದು ದೂರದ ಪ್ರಶ್ನೆಯಲ್ಲ. ಆ ಕಾರ್ಖಾನೆ ಇರುವುದು ನಮ್ಮ ಮಗ್ಗುಲಲ್ಲೇ, ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ. ಆ ವ್ಯಕ್ತಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಪದವಿ ಪಡೆದ ಅವರು, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪದವಿಯೊಂದಿಗೆ ಕಲಿಕೆ ಮುಗಿಯಲಿಲ್ಲ. ಸೇವೆಯಲ್ಲಿರುವಾಗಲೇ, 1898ರಲ್ಲಿ, ಜಪಾನಿಗೆ ಹೋಗಿ ಬಂದರು. 1908ರಲ್ಲಿ ಆ ಸೇವೆಯನ್ನು ತಾವಾಗಿ ಬಿಟ್ಟು ಯೂರೋಪು, ಅಮೆರಿಕಗಳನ್ನು ಸುತ್ತಿದರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು.

ಭದ್ರಾವತಿಯ ಯೋಜನೆ ರೂಪುಗೊಂಡದ್ದು ಆ ಕಾಲದಲ್ಲಿ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಸಮೀಪದಲ್ಲಿ ಕಲ್ಲಿದ್ದಲಿರಲಿಲ್ಲ. ಆದ್ದರಿಂದ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸಬೇಕಾಯಿತು. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಪೆರಿನ್ ಅವರ ನೆರವು ದೊರೆಯಿತು. 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಅಷ್ಟರಲ್ಲಿ ಮಹಾಯುದ್ಧಾನಂತರದ ಬೆಲೆಕುಸಿತದಿಂದ ಕಾರ್ಖಾನೆ ತತ್ತರಿಸುತ್ತಿತ್ತು. ಆಗ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು 1929ರವರೆಗೆ ಅದನ್ನು ನಡೆಸಿದರು. ವಿದೇಶೀಯರ ಕೈಯಲ್ಲಿದ್ದ ಕೆಲಸಗಳನ್ನು ಕ್ರಮೇಣ ಇಲ್ಲಿಯವರಿಗೇ ಕಲಿಸಿ ಒಪ್ಪಿಸಿದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪರಿಚಯವೆಂದರೆ ನಮ್ಮಲ್ಲಿ ಶಿಫಾರಸು ಎಂದೇ ಅರ್ಥ. ದಿವಾನಗಿರಿಯನ್ನು ಒಪ್ಪುವ ಮುನ್ನ, ಬಂಧುಗಳಾರೂ ತಮ್ಮಿಂದ ಶಿಫಾರಸು ಬಯಸಬಾರದೆಂದು ಅವರು ಮಾತು ಪಡೆದರೆಂಬುದು ನಾಡಿನಲ್ಲಿ ಪ್ರಸಿದ್ಧವಾದ ಸಂಗತಿ. ಆದರೂ ಅವರಷ್ಟು ಪರಿಚಯಸ್ಥರನ್ನು ಗಳಿಸಿದವರು ವಿರಳ. ಅವರು ಅರಸುತ್ತಿದ್ದುದು ತಮಗಿಂತ ಹೆಚ್ಚು ತಿಳಿದವರನ್ನು. ಕೇಳುತ್ತಿದ್ದುದು ತಿಳಿವಳಿಕೆಯನ್ನು, ಕೃಪೆಯನ್ನಲ್ಲ.

ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸುವಂತೆ ಅವರು ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅದರ ಫಲ.

ಕಾರ್ಖಾನೆಗೆ 1976ರಲ್ಲಿ ಅವರ ಹೆಸರನ್ನಿಟ್ಟರು. ಅದರ ಉತ್ತರಕಥೆ ಮಾತ್ರ ಸುಖಕರವಲ್ಲ. 2023ರಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಕುಲುಮೆಯನ್ನೇ ನಂಬಿ ಬಾಳಿದ ಕುಟುಂಬಗಳಿಗೆ ‘ನಿಮ್ಮ ದಾರಿಯನ್ನು ನೀವೇ ಕಂಡುಕೊಳ್ಳಿ’ ಎಂದು ಉಪದೇಶಿಸುವುದು ಸುಲಭ, ಆದರೆ ನ್ಯಾಯವಲ್ಲ. ವಿಶ್ವೇಶ್ವರಯ್ಯನವರು ತಮ್ಮ ದಾರಿಯನ್ನು ತಾವೇ ಕಂಡುಕೊಂಡವರು ನಿಜ. ಆದರೆ ಹಿಂದೆ ಬರುವವರಿಗೆ ಕಲಿಯುವ ಬಾಗಿಲನ್ನೂ ತೆರೆದಿಟ್ಟರು. ಬಲ್ಲ ವಿದ್ಯೆಯನ್ನು ಕೇಳಿ ಬಂದವರಿಗೆ ಹೇಳಿಕೊಡುವ ಕೆಲಸವನ್ನು, ನಿವೃತ್ತರಾದ ನಮ್ಮಂಥವರು ಈ ಎರಡು ಊರುಗಳಲ್ಲಿ ಇಂದೂ ಮಾಡಬಹುದು.