ಪೈನ್ ಮರದ ಅಂಟು, ಗುಡ್ಡಗಾಡಿನ ಹೊಟ್ಟೆಪಾಡು

ಬಣ್ಣ ತೆಳುಮಾಡಲು ಬಳಸುವ ಟರ್ಪೆಂಟೈನ್, ವಯೊಲಿನ್ ಕಮಾನಿಗೆ ಉಜ್ಜುವ ರೋಸಿನ್ ಎರಡೂ ಒಂದೇ ತಾಯಿಯ ಮಕ್ಕಳು. ಪೈನ್ ಮರದಿಂದ ಒಸರುವ ಅಂಟನ್ನು ಬಟ್ಟಿ ಇಳಿಸಿದಾಗ ಆವಿಯಾಗಿ ಹೊರಬರುವುದು ಟರ್ಪೆಂಟೈನ್. ತಳದಲ್ಲಿ ಉಳಿಯುವುದು ರೋಸಿನ್. ಇಂದಿನ ಉತ್ತರಾಖಂಡದ ಕುಮಾವೂಂ, ಗಢವಾಲ್ ಪ್ರದೇಶಗಳಲ್ಲಿ ಈ ಮರಕ್ಕೆ ‘ಚೀಡ್’, ಅಂಟಿಗೆ ‘ಲೀಸಾ’ ಎಂದು ಹೆಸರು. ಕಾಡು ಯಾರದು ಎಂಬ ಹಳೆಯ ಜಗಳ ಈ ಲೀಸಾದ ಚರಿತ್ರೆಯಲ್ಲೇ ಅಡಗಿದೆ.

1911ರಿಂದ 1917ರ ಅವಧಿಯಲ್ಲಿ ಬ್ರಿಟಿಷ್ ಸರ್ಕಾರ ಕುಮಾವೂಂನ ವಿಶಾಲ ಕಾಡುಗಳನ್ನು ಮೀಸಲು ಅರಣ್ಯವೆಂದು ಘೋಷಿಸಿತು. ಮರ ಮತ್ತು ಲೀಸಾ ಸರ್ಕಾರಕ್ಕೆ ಆದಾಯ ತಂದವು. ಹಳ್ಳಿಗರಿಗೆ ಮಾತ್ರ ಮೇವು, ಸೌದೆಗಳ ಮೇಲೆ ನಿರ್ಬಂಧ; ಹೊಸ ಹುಲ್ಲು ಚಿಗುರಲೆಂದು ಬೇಸಗೆಯಲ್ಲಿ ಬೆಂಕಿ ಹಾಕುವ ರೂಢಿಗೂ ತಡೆ. 1921ರ ಜನವರಿಯಲ್ಲಿ ಬಾಗೇಶ್ವರದ ಸಂಕ್ರಾಂತಿ ಜಾತ್ರೆಯಲ್ಲಿ ಜನ ಬಿಟ್ಟಿ ದುಡಿಮೆಯ ಲೆಕ್ಕದ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಅದೇ ಬೇಸಗೆಯಲ್ಲಿ ಚೀಡ್ ಕಾಡುಗಳು ಹೊತ್ತಿ ಉರಿದವು. ಮೇವು, ಗೊಬ್ಬರದ ಸೊಪ್ಪು ಕೊಡುತ್ತಿದ್ದ ಬಾಂಜ್ ಎಂಬ ಅಗಲ ಎಲೆಯ ಮರಗಳ ಕಾಡಿಗೆ ಜನ ಬೆಂಕಿ ಇಡಲಿಲ್ಲ ಎಂಬುದು ಗಮನಾರ್ಹ. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. 1931ರಲ್ಲಿ ವನ ಪಂಚಾಯತಿಗಳ ನಿಯಮಗಳು ಬಂದವು.

ಸ್ವಾತಂತ್ರ್ಯ ಬಂದ ಮೇಲೂ ಲೀಸಾ ಬೆಟ್ಟ ಇಳಿದು ಬಯಲಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಚಂಡೀಪ್ರಸಾದ್ ಭಟ್ ಮತ್ತು ಸಂಗಡಿಗರು 1964ರಲ್ಲಿ ಕಟ್ಟಿದ ದಶೋಲಿ ಗ್ರಾಮ ಸ್ವರಾಜ್ಯ ಸಂಘ, ಗೋಪೇಶ್ವರದಲ್ಲಿ ಸಣ್ಣದೊಂದು ಟರ್ಪೆಂಟೈನ್ ಘಟಕ ನಡೆಸಿತು. ಆದರೆ ಅದಕ್ಕೆ ಬೇಕಾದಷ್ಟು ಲೀಸಾ ಸಿಗಲಿಲ್ಲ. ಸಿಕ್ಕಿದ್ದಕ್ಕೂ ದೊಡ್ಡ ಕಾರ್ಖಾನೆಗಿಂತ ಹೆಚ್ಚು ಬೆಲೆ ತೆರಬೇಕಾಯಿತು. 1973ರಲ್ಲಿ, ಬೇಸಾಯದ ಉಪಕರಣಗಳಿಗೆಂದು ಸಂಘ ಕೇಳಿದ ಮರಗಳು ಕ್ರೀಡಾ ಸಾಮಗ್ರಿ ಕಂಪನಿಯೊಂದರ ಪಾಲಾದಾಗ ಚಿಪ್ಕೊ ಚಳವಳಿ ಹುಟ್ಟಿತು. ಅದರ ಸ್ಫೂರ್ತಿಯಿಂದಲೇ 1983ರಲ್ಲಿ ಶಿರಸಿ ಬಳಿಯ ಸಲ್ಕಣಿಯಲ್ಲಿ ‘ಅಪ್ಪಿಕೊ’ ಆರಂಭವಾದದ್ದು.

ಹಾಗಾದರೆ ಮರ ಉಳಿಸಿಕೊಂಡು ಅಂಟು ತೆಗೆಯಲಾಗದೆ? ಖಂಡಿತ ಸಾಧ್ಯ. ಹಿಂದೆ ಕಾಂಡವನ್ನೇ ಕೆತ್ತಿ, ಕೆಳಗೆ ಬಟ್ಟಲು ಕಟ್ಟುತ್ತಿದ್ದರು. ಗಾಯ ಆಳವಾದಷ್ಟೂ ಮರ ಬಿರುಗಾಳಿಗೆ ಮುರಿಯುವುದು ಸುಲಭ. ಅಂಟು ಮೆತ್ತಿದ ಗಾಯಕ್ಕೆ ಕಾಳ್ಗಿಚ್ಚು ಬೇಗ ತಗಲುತ್ತದೆ. ನಂತರ ಬಂದ ‘ರಿಲ್’ ಪದ್ಧತಿಯಲ್ಲಿ ತೊಗಟೆಯನ್ನು ನಯಗೊಳಿಸಿ, ತೆಳುವಾದ ಓರೆ ಗೀರುಗಳನ್ನು ಎಳೆದು, ನೀರು ಬೆರೆಸಿದ ಆಮ್ಲವನ್ನು ಸಿಂಪಡಿಸುತ್ತಾರೆ. ಮರಕ್ಕೆ ಆಗುವ ಹಾನಿ ಕಡಿಮೆ.

ಆದರೆ ಪದ್ಧತಿ ಎಷ್ಟೇ ಒಳ್ಳೆಯದಿರಲಿ, ಉಳಿ ಹಿಡಿದವನಿಗೆ ಮರದಲ್ಲಿ ಪಾಲಿರಬೇಕು. ತೂಕದ ಲೆಕ್ಕದಲ್ಲಿ ಕೂಲಿ ಪಡೆದು ಹೋಗುವವನಿಗೆ ಇಂದಿನ ಡಬ್ಬಿ ತುಂಬಿದರೆ ಸಾಕು. ಮುಂದಿನ ವರ್ಷವೂ ಅದೇ ಮರಕ್ಕೆ ಬಟ್ಟಲು ಕಟ್ಟುವ ಭರವಸೆಯಿರುವವನ ಕೈ ತಾನಾಗಿಯೇ ಹದವಾಗುತ್ತದೆ.