ಹಸಿವಿನ ಕಾಲದ ಹೆವಿವೇಯ್ಟ್ ಪಟ್ಟ

1927ರ ಸೆಪ್ಟೆಂಬರ್ ತಿಂಗಳಲ್ಲಿ ಶಿಕಾಗೊದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಜ್ಯಾಕ್ ಡೆಂಪ್ಸಿ ಮತ್ತು ಜೀನ್ ಟನಿ ಎರಡನೆಯ ಬಾರಿ ಎದುರುಬದುರಾದರು. ಟಿಕೆಟ್ ಮಾರಾಟವೊಂದರಿಂದಲೇ 26 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಗೆದ್ದ ಟನಿಯ ಪಾಲಿಗೆ 9,90,000 ಡಾಲರ್ ಬಂದಿತು. ಅಮೆರಿಕದ ವೃತ್ತಿಪರ ಬಾಕ್ಸಿಂಗ್ ಕಂಡ ವೈಭವದ ತುತ್ತತುದಿ ಅದು. ಮರುವರ್ಷ ಟನಿ ಪಟ್ಟವನ್ನು ಬಿಟ್ಟು ನಿವೃತ್ತನಾದ. ಈ ವೈಭವದ ಸೂತ್ರಧಾರ ಟೆಕ್ಸ್ ರಿಕರ್ಡ್ 1929ರ ಜನವರಿಯಲ್ಲಿ ತೀರಿಕೊಂಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಕುಸಿಯಿತು. ಡೆಂಪ್ಸಿ ಗಳಿಸಿದ್ದ ಸಂಪತ್ತಿನ ಬಹುಪಾಲು ಆ ಕುಸಿತದಲ್ಲಿ ಕರಗಿಹೋಗಿ, ಆತ ಹೊಟ್ಟೆಪಾಡಿಗೆ ಪ್ರದರ್ಶನ ಪಂದ್ಯಗಳನ್ನು ಆಡುತ್ತ ಊರೂರು ತಿರುಗಬೇಕಾಯಿತು.

1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಬಡ ಕೇರಿಗಳ ಹುಡುಗರಿಗೆ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ಬಾಕ್ಸಿಂಗ್ ಕ್ಲಬ್ಬೂ ಒಂದು. ಐರಿಷರು, ಯಹೂದಿಗಳು, ಇಟಲಿ ಮೂಲದವರು, ಕಪ್ಪು ಜನಾಂಗದವರು, ಎಲ್ಲರೂ ಅಲ್ಲಿ ಸಾಲುಗಟ್ಟಿದರು. ನಾಲ್ಕು ಸುತ್ತು ಹೊಡೆದಾಡಿ ಹೊಡೆಸಿಕೊಂಡರೆ ಸಿಗುತ್ತಿದ್ದುದು ಕೆಲವೇ ಡಾಲರ್. ಶಿಕಾಗೊದ ಬಾರ್ನಿ ರಾಸ್‌ನ ತಂದೆ ದರೋಡೆಕೋರರ ಗುಂಡಿಗೆ ಬಲಿಯಾದ ಮೇಲೆ ಅವನ ತಮ್ಮಂದಿರು, ತಂಗಿ ಅನಾಥಾಲಯ ಸೇರಿದ್ದರು. ಅವರನ್ನೆಲ್ಲ ಮತ್ತೆ ಒಂದೇ ಸೂರಿನಡಿ ತರಬೇಕೆಂದು ರಿಂಗಿಗಿಳಿದ ರಾಸ್ 1933ರಲ್ಲಿ ಲೈಟ್‌ವೇಯ್ಟ್ ಚಾಂಪಿಯನ್ ಆದ.

ಹೆವಿವೇಯ್ಟ್ ಪಟ್ಟದ ಕಥೆಗೆ ಆ ವರ್ಷಗಳಲ್ಲಿ ವೇದಿಕೆಯಾದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿ 1932ರಲ್ಲಿ ಎದ್ದ ಬಯಲು ಕ್ರೀಡಾಂಗಣ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬೌಲ್. ಅಲ್ಲಿ ಪ್ರತಿ ಜೂನ್ ತಿಂಗಳೂ ಒಬ್ಬ ದೊರೆ ಉರುಳಿದ. 1932ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನಿಂದ ಜ್ಯಾಕ್ ಶಾರ್ಕಿ ಪಟ್ಟ ಕಸಿದ. 1933ರಲ್ಲಿ ಶಾರ್ಕಿಯಿಂದ ಅದು ಇಟಲಿಯ ದೈತ್ಯ ಪ್ರೀಮೊ ಕಾರ್ನೇರನಿಗೆ ಹೋಯಿತು. ಸರ್ಕಸ್ಸಿನಿಂದ ಬಂದಿದ್ದ ಕಾರ್ನೇರನ ಬೆನ್ನಿಗೆ ನಿಂತವರು ನ್ಯೂಯಾರ್ಕಿನ ಪಾತಕಲೋಕದವರು. ಅವನು ಗೆದ್ದ ಹಣದ ಬಹುಪಾಲು ಅವರ ಜೇಬಿಗೇ ಇಳಿಯಿತು. 1934ರಲ್ಲಿ ಮ್ಯಾಕ್ಸ್ ಬೇರ್ ಅವನನ್ನು ಮತ್ತೆ ಮತ್ತೆ ನೆಲಕ್ಕುರುಳಿಸಿ, ಹನ್ನೊಂದನೆಯ ಸುತ್ತಿನಲ್ಲಿ ಪಟ್ಟ ಕಿತ್ತುಕೊಂಡ.

ಬೇರ್ ಗೆದ್ದ ಆ ರಾತ್ರಿಯೇ, ಮುಖ್ಯ ಪಂದ್ಯಕ್ಕೆ ಮೊದಲು, ಜನ ಮರೆತಿದ್ದ ಒಬ್ಬ ಬಾಕ್ಸರ್ ರಿಂಗಿಗೆ ಹತ್ತಿದ್ದ. ಆತ ನ್ಯೂಜೆರ್ಸಿಯ ಜೇಮ್ಸ್ ಬ್ರಾಡಕ್. 1929ರ ಜುಲೈನಲ್ಲಿ ಟಾಮಿ ಲೌಕ್ರನ್ ಎದುರು ಲೈಟ್ ಹೆವಿವೇಯ್ಟ್ ಪಟ್ಟಕ್ಕೆ ಹೋರಾಡಿ ಸೋತಿದ್ದ. ಆಮೇಲೆ ಸೋಲಿನ ಮೇಲೆ ಸೋಲು, ಜೊತೆಗೆ ಪದೇ ಪದೇ ಮುರಿದ ಬಲಗೈ. ಹೆಂಡತಿ, ಮೂವರು ಮಕ್ಕಳನ್ನು ಸಾಕಲು ಹಡಗುಕಟ್ಟೆಯಲ್ಲಿ ಹಮಾಲಿ ಮಾಡಿದ. ಅದೂ ದಿನಾ ಸಿಗದಾದಾಗ ಸರ್ಕಾರದ ಪರಿಹಾರಕ್ಕೆ ಕೈಯೊಡ್ಡಿ ತಿಂಗಳಿಗೆ 24 ಡಾಲರ್ ಪಡೆದ. ನೊಂದ ಬಲಗೈಗೆ ಬಿಡುವು ಕೊಟ್ಟು ಎಡಗೈಯಲ್ಲಿ ಮೂಟೆ ಎಳೆದದ್ದರಿಂದ ಆ ಎಡಗೈ ಬಲಿತಿತು. ಅಂದು ಎದುರಾಳಿ ಕಾರ್ನ್ ಗ್ರಿಫಿನ್‌ನನ್ನು ಮೂರನೆಯ ಸುತ್ತಿನಲ್ಲಿ ಕೆಡವಿದ. ಮುಂದೆ ಜಾನ್ ಹೆನ್ರಿ ಲೂಯಿಸ್, ಆರ್ಟ್ ಲಾಸ್ಕಿ ಇಬ್ಬರನ್ನೂ ಸೋಲಿಸಿದ.

1935ರ ಜೂನ್ 13ರಂದು ಅದೇ ಬೌಲ್‌ನಲ್ಲಿ ಬೇರ್ ಎದುರು ನಿಂತಾಗ ಬಾಜಿ ಕಟ್ಟುವವರು ಬ್ರಾಡಕ್‌ಗೆ ಕೊಟ್ಟ ಬೆಲೆ ಹತ್ತಕ್ಕೆ ಒಂದು. ಬೇರ್ ನಗುತ್ತ, ಚೇಷ್ಟೆ ಮಾಡುತ್ತ ಸುತ್ತುಗಳನ್ನು ಕಳೆದ. ಬ್ರಾಡಕ್ ಮಾತ್ರ ಒಂದೊಂದೇ ಏಟನ್ನು ಲೆಕ್ಕಕ್ಕೆ ಸೇರಿಸುತ್ತ ಹೋದ. ಹದಿನೈದು ಸುತ್ತು ಮುಗಿದಾಗ ತೀರ್ಪುಗಾರರು ಒಮ್ಮತದಿಂದ ಅವನ ಕೈ ಎತ್ತಿದರು. ಪರಿಹಾರವಾಗಿ ಪಡೆದ ಹಣವನ್ನು ಬ್ರಾಡಕ್ ಸರ್ಕಾರಕ್ಕೆ ಹಿಂದಿರುಗಿಸಿದ.

ಅವನ ನಂತರ ಪಟ್ಟಕ್ಕೇರಿದವನೂ ಅಂಥ ಮನೆಯಿಂದಲೇ ಬಂದವನು. ಅಲಬಾಮದ ಹತ್ತಿ ಹೊಲಗಳ ನಾಡಿನಿಂದ ಡೆಟ್ರಾಯಿಟ್‌ಗೆ ವಲಸೆ ಬಂದಿದ್ದ ಜೋ ಲೂಯಿಸ್‌ನ ಕುಟುಂಬವೂ ಪರಿಹಾರದ ಹಣದಲ್ಲಿ ದಿನ ದೂಡಿತ್ತು. 1934ರ ಜುಲೈ 4ರಂದು ಆಡಿದ ಮೊದಲ ವೃತ್ತಿಪರ ಪಂದ್ಯಕ್ಕೆ ಅವನಿಗೆ ದಕ್ಕಿದ್ದು 60 ಡಾಲರಿಗಿಂತ ಕಡಿಮೆ. 1915ರಲ್ಲಿ ಜ್ಯಾಕ್ ಜಾನ್ಸನ್ ಸೋತ ಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಯ್ಟ್ ಪಟ್ಟಕ್ಕೆ ಹೋರಾಡುವ ಅವಕಾಶವೇ ಸಿಕ್ಕಿರಲಿಲ್ಲ. 1937ರ ಜೂನ್ 22ರಂದು ಶಿಕಾಗೊದಲ್ಲಿ ಆ ತಡೆ ಮುರಿಯಿತು. ಮೊದಲ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಿದ ಬ್ರಾಡಕ್, ಎಂಟನೆಯ ಸುತ್ತಿನಲ್ಲಿ ತಾನೇ ನೆಲ ಹಿಡಿದ. ತಮ್ಮ ಮನೆ ಪಡೆದ ಪರಿಹಾರದ ಹಣವನ್ನು ಲೂಯಿಸ್ ಕೂಡ ತೀರಿಸಿದ.

ಮುಷ್ಟಿಯ ಬಲದಿಂದ ಬಡತನ ದಾಟಿದವರೆಂದು ಇವರನ್ನು ಹೊಗಳುವುದು ರೂಢಿ. ಆದರೆ ಆ ದಶಕದಲ್ಲಿ ಕೆಲವು ಡಾಲರಿಗಾಗಿ ಏಟು ತಿಂದವರಲ್ಲಿ ಹೆಚ್ಚಿನವರಿಗೆ ಪಟ್ಟವೂ ಸಿಗಲಿಲ್ಲ, ಹೆಸರೂ ಉಳಿಯಲಿಲ್ಲ. ಬಡತನವನ್ನು ದಾಟಿಸುವ ಶಕ್ತಿ ರಿಂಗಿಗೆ ಇದ್ದದ್ದು ಬೆರಳೆಣಿಕೆಯ ಜನರ ಮಟ್ಟಿಗೆ ಮಾತ್ರ. ಆ ಕೆಲವರಲ್ಲೂ ಸಾಲುಸಾಲಾಗಿ ಬಂದ ಇಬ್ಬರು ವಿಶ್ವ ಚಾಂಪಿಯನ್ನರ ಮನೆಯ ಒಲೆ ಆರದಂತೆ ಕಾದದ್ದು ಸರ್ಕಾರದ ಪರಿಹಾರದ ಹಣ. ಅವರ ಗೆಲುವಿನ ಲೆಕ್ಕ ಬರೆಯುವವರು ಆ ಡಾಲರುಗಳನ್ನೂ ಸೇರಿಸಿಯೇ ಬರೆಯಬೇಕು.